ಅಲ್ಪವೆಚ್ಚದ ಚಿತ್ರೀಕರಣ ಮತ್ತು ದೃಶ್ಯಚಮತ್ಕಾರ: ಸಲಕರಣೆ, ಸಿದ್ಧತೆ ಹಾಗೂ ಪೂರ್ವನಿರ್ಧಾರ

ಪೀಠಿಕೆ

ಚಲನಚಿತ್ರದ ದೃಶ್ಯಚಮತ್ಕಾರವೆಂದರೆ ಅಪಾರ ಬಂಡವಾಳ, ವಿದೇಶೀ ಯಂತ್ರಗಳು ಮತ್ತು ಗಣಕ ಪರಿಣತರ ದೊಡ್ಡ ಪಡೆ ಎಂಬ ಅಭಿಪ್ರಾಯ ರೂಢಿಯಲ್ಲಿದೆ. ಇದರ ಫಲವಾಗಿ ಬಂಡವಾಳವಿಲ್ಲದ ಊರುಗಳಲ್ಲಿ ಹವ್ಯಾಸಿಗಳು ತಯಾರಿಸಿದ ವಿಡಿಯೋ ಚಿತ್ರಗಳು ಅಧ್ಯಯನದ ಕಕ್ಷೆಯೊಳಗೆ ಬರದೆ, ಕೇವಲ ವಿನೋದದ ವಸ್ತುಗಳಾಗಿ ಉಳಿದಿವೆ. ಆದರೆ ಈ ಚಿತ್ರಗಳ ತಯಾರಿಕೆಯ ಕ್ರಮವನ್ನು ಪರಿಶೀಲಿಸಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ. ಚಮತ್ಕಾರದ ಮೂಲ ಯಂತ್ರದಲ್ಲಿಲ್ಲ. ಚಿತ್ರೀಕರಣಕ್ಕೆ ಮೊದಲೇ ಕೈಗೊಂಡ ನಿರ್ಧಾರದಲ್ಲಿದೆ. ಹಣವು ಮುಖ್ಯವಾಗಿ ಒದಗಿಸುವುದು ನಿರ್ಧಾರವನ್ನು ಮುಂದೂಡುವ ಅನುಕೂಲವನ್ನು. ಆ ಅನುಕೂಲವಿಲ್ಲದವನು ಎಲ್ಲವನ್ನೂ ಮೊದಲೇ ಯೋಚಿಸಬೇಕಾಗುತ್ತದೆ.

ಈ ಮಾತಿಗೆ ಸ್ಪಷ್ಟ ನಿದರ್ಶನ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್. ವಿದ್ಯುತ್ ಮಗ್ಗಗಳ ಈ ಊರಿನಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ ಅವರು 2000ದಲ್ಲಿ ‘ಮಾಲೆಗಾಂವ್ ಕೆ ಶೋಲೆ’ ಎಂಬ ವಿಡಂಬನಾತ್ಮಕ ಚಿತ್ರವನ್ನು ತಯಾರಿಸಿದರು. ಮೂಲದಲ್ಲಿ ಕುದುರೆಯೇರಿ ಬರುವ ಡಕಾಯಿತರು ಇಲ್ಲಿ ಸೈಕಲ್ಲೇರಿ ಬಂದರು. ಮುಂದೆ ಅವರು ಸೂಪರ್‌ಮ್ಯಾನ್ ಕಥೆಯನ್ನು ಕೈಗೆತ್ತಿಕೊಂಡಾಗ ಅದರ ತಯಾರಿಕೆಯನ್ನು ಫೈಜಾ ಅಹ್ಮದ್ ಖಾನ್ ಅವರು ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದರು. 2012ರಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡ ಈ ಸಾಕ್ಷ್ಯಚಿತ್ರ ಅಲ್ಪವೆಚ್ಚದ ಚಿತ್ರೀಕರಣದ ಅಧ್ಯಯನಕ್ಕೆ ಮುಖ್ಯ ಆಕರವಾಗಿದೆ. ಮಾಲೆಗಾಂವ್‌ನಲ್ಲಿ ಬಳಕೆಯಾದ ಉಪಾಯಗಳನ್ನೂ ಅವುಗಳ ಹಿಂದಿನ ತಾಂತ್ರಿಕ ತತ್ತ್ವಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಚಲ ಕ್ಯಾಮೆರಾ: ಚಮತ್ಕಾರದ ತಳಹದಿ

ಮಾಲೆಗಾಂವ್‌ನ ಉಪಾಯಗಳಿಗೆ ಶತಮಾನದ ಹಿನ್ನೆಲೆಯಿದೆ. 1895ರಲ್ಲಿ ಎಡಿಸನ್ ಸಂಸ್ಥೆಯ ಕಿರುಚಿತ್ರವೊಂದರಲ್ಲಿ ಕ್ಯಾಮೆರಾವನ್ನು ನಿಲ್ಲಿಸಿ, ನಟನ ಜಾಗದಲ್ಲಿ ಬೊಂಬೆಯನ್ನಿಟ್ಟು, ಮತ್ತೆ ಚಾಲನೆ ನೀಡಿ ಶಿರಚ್ಛೇದದ ದೃಶ್ಯವನ್ನು ತೋರಿಸಲಾಯಿತು. 1896ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ಇದೇ ಕ್ರಮದಿಂದ ಮಹಿಳೆಯೊಬ್ಬಳನ್ನು ಮಾಯವಾಗಿಸಿದನು. ಭಾರತದಲ್ಲಿ ದಾದಾಸಾಹೇಬ್ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮುನ್ನ, ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ದಿನಗಳ ಅಂತರದಲ್ಲಿ ಬಿಡಿಬಿಡಿ ಚಿತ್ರಗಳಾಗಿ ಸೆರೆಹಿಡಿದು ಜೋಡಿಸಿದರು. ಹಣ ಒದಗಿಸಬಲ್ಲವರಿಗೆ ಮಾಧ್ಯಮದ ಶಕ್ತಿಯನ್ನು ಮನಗಾಣಿಸಲು ಅವರಿಗೆ ಬೇಕಾದದ್ದು ಒಂದು ಗಿಡ, ಒಂದು ಕ್ಯಾಮೆರಾ ಮತ್ತು ತಾಳ್ಮೆ ಮಾತ್ರ.

ಈ ಮೂರೂ ಪ್ರಯೋಗಗಳಿಗೆ ಸಮಾನವಾದ ನಿಯಮ ಒಂದೇ: ಕ್ಯಾಮೆರಾ ಕದಲಬಾರದು. ಒಬ್ಬನೇ ನಟನನ್ನು ಒಂದೇ ಚೌಕಟ್ಟಿನಲ್ಲಿ ಎರಡು ಪಾತ್ರಗಳಾಗಿ ತೋರಿಸುವ ದ್ವಿಪಾತ್ರ ದೃಶ್ಯಕ್ಕೂ ಇದೇ ಆಧಾರ. ಮೊದಲ ಸಲ ನಟನನ್ನು ಎಡಬದಿಯಲ್ಲಿಯೂ ಎರಡನೆಯ ಸಲ ಬಲಬದಿಯಲ್ಲಿಯೂ ಚಿತ್ರಿಸಿ, ಸಂಕಲನದಲ್ಲಿ ಎರಡು ಅರ್ಧಗಳನ್ನು ಜೋಡಿಸಲಾಗುತ್ತದೆ. ಜೋಡಣೆಯ ಗೆರೆಯನ್ನು ಕಂಬ, ಬಾಗಿಲ ಚೌಕಟ್ಟು ಮೊದಲಾದ ನಿಶ್ಚಲ ವಸ್ತುವಿನ ಮೇಲೆ ಹಾಯಿಸಿದರೆ ಅದು ಕಾಣಿಸದು. ಹವ್ಯಾಸಿಗಳು ಸಾಮಾನ್ಯವಾಗಿ ಎಡವುವುದು ಟ್ರೈಪಾಡ್ ಅಲುಗುವುದರಿಂದಲ್ಲ, ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆಯಿಂದ. ನಟನ ಸ್ಥಾನ ಬದಲಾದೊಡನೆ ಯಂತ್ರವು ಬೆಳಕಿನ ಪ್ರಮಾಣ, ಫೋಕಸ್ ಮತ್ತು ಬಣ್ಣದ ಸಮತೋಲನವನ್ನು ತಾನಾಗಿಯೇ ತಿದ್ದಿಕೊಳ್ಳುವುದರಿಂದ ಎರಡು ಅರ್ಧಗಳು ಹೊಂದುವುದಿಲ್ಲ. ಆದ್ದರಿಂದ ಈ ಮೂರನ್ನೂ ಮೊದಲೇ ಸ್ಥಿರಗೊಳಿಸುವುದು ಅವಶ್ಯ. ಹೊರಾಂಗಣದಲ್ಲಾದರೆ ನೆರಳು ಸರಿಯುವ ಮೊದಲೇ ಎರಡೂ ಭಾಗಗಳನ್ನು ಮುಗಿಸಬೇಕು.

ಬೆಳಕು

ದುಬಾರಿ ಕ್ಯಾಮೆರಾಕ್ಕಿಂತ ನಿಯಂತ್ರಿತ ಬೆಳಕು ಹೆಚ್ಚು ಫಲ ನೀಡುತ್ತದೆಂಬುದಕ್ಕೆ ಭಾರತೀಯ ಛಾಯಾಗ್ರಹಣದ ಇತಿಹಾಸದಲ್ಲಿಯೇ ಎರಡು ನಿದರ್ಶನಗಳಿವೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ನಿರ್ಮಿಸಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲ್ಭಾಗದಲ್ಲಿ ಬಿಳಿ ಬಟ್ಟೆಯನ್ನು ಹರಡಿ, ದೀಪಗಳ ಬೆಳಕನ್ನು ಅದರಿಂದ ಪ್ರತಿಫಲಿಸುವಂತೆ ಮಾಡಿ, ತೆರೆದ ಆಕಾಶದ ಮೃದು ಬೆಳಕನ್ನು ಸೃಷ್ಟಿಸಿದರು. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಪ್ರಸಿದ್ಧ ಬೆಳಕಿನ ಕೋಲು ಮೂಡಿದ್ದು ಕನ್ನಡಿಗಳ ಮೂಲಕ ಸ್ಟುಡಿಯೋದೊಳಕ್ಕೆ ಹಾಯಿಸಿದ ಬಿಸಿಲಿನಿಂದ. ಅದನ್ನು ಸಾಧಿಸಿದ ವಿ.ಕೆ. ಮೂರ್ತಿಯವರು ಮೈಸೂರಿನವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಅಭ್ಯಸಿಸಿದವರು, 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದವರು.

ಬಟ್ಟೆ ಮತ್ತು ಕನ್ನಡಿ ಇಂದಿಗೂ ಹವ್ಯಾಸಿಯ ಕೈಗೆಟಕುವ ಸಾಧನಗಳು. ಬೆಳಕಿನ ಮೂಲವು ವಸ್ತುವಿಗೆ ಹೋಲಿಸಿದರೆ ದೊಡ್ಡದಾದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ ಎಂಬುದೇ ಇಲ್ಲಿನ ತತ್ತ್ವ. ಬಿಳಿ ಪಂಚೆ ಅಥವಾ ಥರ್ಮಾಕೋಲ್ ಹಾಳೆಯೊಂದು ಸಣ್ಣ ದೀಪವನ್ನೂ ದೊಡ್ಡ ಮೂಲವಾಗಿ ಪರಿವರ್ತಿಸುತ್ತದೆ. ಮನೆಯ ದೀಪಗಳಲ್ಲಿ ಚಿತ್ರಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಭಾರತದ ವಿದ್ಯುತ್ ಪೂರೈಕೆ ಸೆಕೆಂಡಿಗೆ 50 ಆವರ್ತಗಳದ್ದಾಗಿರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ನಿಲ್ಲಿಸಿದರೆ ಆ ಮಿನುಗು ಚಿತ್ರದಲ್ಲಿ ಕಾಣಿಸುವುದಿಲ್ಲ.

ಚಲನೆ ಮತ್ತು ಧ್ವನಿ

ಮಾಲೆಗಾಂವ್‌ನಲ್ಲಿ ಸೈಕಲ್ಲು ಟ್ರಾಲಿಯ ಕೆಲಸವನ್ನೂ ಎತ್ತಿನ ಗಾಡಿ ಕ್ರೇನಿನ ಕೆಲಸವನ್ನೂ ಮಾಡಿದವು. ಇದನ್ನು ಬಡತನದ ತಮಾಷೆಯೆಂದು ನೋಡುವುದು ಸರಿಯಲ್ಲ. ದೊಡ್ಡ ಚಕ್ರವು ನೆಲದ ಸಣ್ಣ ಉಬ್ಬುತಗ್ಗುಗಳನ್ನು ಸಣ್ಣ ಚಕ್ರಕ್ಕಿಂತ ನಯವಾಗಿ ದಾಟುತ್ತದೆ. ಅಚ್ಚಿನ ಮೇಲೆ ನಿಂತ ಗಾಡಿಯಾದರೋ ಒಂದು ಸನ್ನೆಗೋಲು, ಅದರ ಮೂಕಿಯನ್ನು ತಗ್ಗಿಸಿದರೆ ಹಿಂಬದಿ ಏಳುತ್ತದೆ. ಸುಮಾರು 7,000 ಡಾಲರುಗಳಲ್ಲಿ ಚಿತ್ರಿತವಾದ ‘ಎಲ್ ಮರಿಯಾಚಿ’ (1992) ಚಿತ್ರಕ್ಕೆ ರಾಬರ್ಟ್ ರೊಡ್ರಿಗೆಜ್ ಗಾಲಿಕುರ್ಚಿಯನ್ನು ಬಳಸಿದ್ದೂ ಇದೇ ನ್ಯಾಯದಿಂದ. ವಿಶಾಲ ಕೋನದ ಮಸೂರವನ್ನು ಬಳಸಿದರೆ ಉಳಿದ ಅಲುಗಾಟವೂ ಗಣನೀಯವಾಗಿ ಮರೆಯಾಗುತ್ತದೆ.

ಸಲಕರಣೆಗೆ ಮೀಸಲಾದ ಅಲ್ಪ ಹಣದಲ್ಲಿ ಮೊದಲ ಪಾಲು ಧ್ವನಿಗೆ ಸಲ್ಲಬೇಕು. ಪ್ರೇಕ್ಷಕನು ಮಸುಕು ಚಿತ್ರವನ್ನು ಸಹಿಸಿಯಾನು, ಕೇಳಿಸದ ಮಾತನ್ನು ಸಹಿಸಲಾರನು. ಬಯಲಿನಲ್ಲಿ ಮೈಕಿನ ದೂರ ಇಮ್ಮಡಿಯಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಕುಸಿಯುತ್ತದೆ. ಸುತ್ತಲಿನ ಗದ್ದಲ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾದ ಮೇಲಿರುವ ಬೆಲೆಬಾಳುವ ಮೈಕಿಗಿಂತ, ನಟನ ಸಮೀಪ ಚೌಕಟ್ಟಿನ ಅಂಚಿನಾಚೆ ಹಿಡಿದ ಸಾಧಾರಣ ಮೈಕು ಉತ್ತಮವೆನಿಸುವುದು ಇದರಿಂದಾಗಿ.

ಹಸಿರು ಪರದೆ

ಮಾಲೆಗಾಂವ್‌ನ ಸೂಪರ್‌ಮ್ಯಾನ್ ಆಕಾಶಕ್ಕೇರಿದ್ದು ಹಸಿರು ಬಟ್ಟೆಯ ನೆರವಿನಿಂದ. ಹಸಿರು ಹಿನ್ನೆಲೆಯ ಮುಂದೆ ನಟನನ್ನು ಚಿತ್ರಿಸಿ, ಗಣಕದಲ್ಲಿ ಹಸಿರಿರುವೆಡೆಯನ್ನೆಲ್ಲ ತೆಗೆದುಹಾಕಿ ಬೇರೆ ಹಿನ್ನೆಲೆಯನ್ನು ಸೇರಿಸುವುದು ಈ ವಿಧಾನ. ಹಸಿರೇ ಏಕೆ ಎಂಬುದಕ್ಕೆ ತಾಂತ್ರಿಕ ಕಾರಣಗಳಿವೆ. ಮನುಷ್ಯರ ಚರ್ಮದ ವರ್ಣದಿಂದ ಹಸಿರು ದೂರವಾದುದು. ಸಾಮಾನ್ಯ ವಿಡಿಯೋ ಸಂಕೇತದಲ್ಲಿ ಬೆಳಕಿನ ಅಂಶದ ಶೇ. 59ರಷ್ಟು ಹಸಿರಿನಿಂದಲೇ ಬರುತ್ತದೆ. ಕ್ಯಾಮೆರಾ ಸಂವೇದಕದಲ್ಲಿಯೂ ಸಾಮಾನ್ಯವಾಗಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ ಮೀಸಲು.

ಆದರೆ ಅಗ್ಗದ ಕ್ಯಾಮೆರಾಗಳಿಗೆ ಇಲ್ಲೊಂದು ಸಹಜ ಮಿತಿಯಿದೆ. ಹವ್ಯಾಸಿಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಮಿನಿ ಡಿವಿ ಮಾದರಿಯು ಭಾರತದ ಪಾಲ್ ಪದ್ಧತಿಯಲ್ಲಿ 720×576 ಬಿಂದುಗಳ ಚಿತ್ರವನ್ನು ದಾಖಲಿಸಿದರೂ ಬಣ್ಣದ ಮಾಹಿತಿಯನ್ನು 360×288 ಬಿಂದುಗಳಿಗೆ ಮಾತ್ರ ಉಳಿಸಿಕೊಳ್ಳುತ್ತಿತ್ತು. ಆದ್ದರಿಂದ ಕೂದಲು ಮತ್ತು ಬೆರಳುಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಇಂದಿನ ಬಹುತೇಕ ಮೊಬೈಲ್ ಫೋನುಗಳೂ ಬಣ್ಣವನ್ನು ಇದೇ ಅನುಪಾತದಲ್ಲಿ ಕಡಿತಗೊಳಿಸುತ್ತವೆ. ಈ ಕೊರತೆಯನ್ನು ತಂತ್ರಾಂಶ ಪೂರ್ಣವಾಗಿ ತುಂಬಲಾರದು. ಸಿದ್ಧತೆ ಬಹುಮಟ್ಟಿಗೆ ತುಂಬಬಲ್ಲದು. ಬಟ್ಟೆಯಲ್ಲಿ ಸುಕ್ಕಿರಬಾರದು, ಅದರ ಮೇಲಿನ ಬೆಳಕು ಎಲ್ಲೆಡೆ ಸಮನಾಗಿರಬೇಕು, ಹಸಿರು ಛಾಯೆ ಮೈಮೇಲೆ ಬೀಳದಂತೆ ನಟನು ಪರದೆಯಿಂದ ಆರೇಳು ಅಡಿಯಾದರೂ ದೂರ ನಿಲ್ಲಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸೇರಿಸಲಿರುವ ಹಿನ್ನೆಲೆಯನ್ನು ಮೊದಲೇ ಚಿತ್ರಿಸಿಕೊಂಡು ಅದರಲ್ಲಿ ಸೂರ್ಯನಿರುವ ದಿಕ್ಕಿನಿಂದಲೇ ನಟನಿಗೂ ಬೆಳಕು ನೀಡಬೇಕು. ಹಾರುವವನ ಎಡಗೆನ್ನೆಯ ಮೇಲೆ ಬಿಸಿಲು, ಊರಿನ ಮನೆಗಳ ಬಲಗೋಡೆಯ ಮೇಲೆ ಬಿಸಿಲು ಎಂದಾದರೆ ಎಂತಹ ಗಣಕವೂ ಪ್ರೇಕ್ಷಕನನ್ನು ನಂಬಿಸಲಾರದು.

ಕಿರು ಮಾದರಿಗಳು

ಕಟ್ಟಡ ಕುಸಿಯುವ ದೃಶ್ಯವನ್ನು ಕಿರು ಮಾದರಿಯಿಂದ ತೋರಿಸುವಾಗ ಅದು ಆಟಿಕೆಯಂತೆ ಕಾಣುವುದಕ್ಕೆ ಕಾರಣ ಅದರ ರೂಪಕ್ಕಿಂತ ಹೆಚ್ಚಾಗಿ ಅದರ ವೇಗ. 16 ಅಡಿ ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟಲು ಸುಮಾರು ಒಂದು ಸೆಕೆಂಡ್ ತೆಗೆದುಕೊಂಡರೆ, 1 ಅಡಿ ಎತ್ತರದಿಂದ ಬೀಳುವ ಚೂರಿಗೆ ಕಾಲು ಸೆಕೆಂಡ್ ಸಾಕು. ಹೀಗಾಗಿ ಹದಿನಾರನೆಯ ಒಂದು ಅಳತೆಯ ಮಾದರಿಯನ್ನು ಸೆಕೆಂಡಿಗೆ 100 ಚೌಕಟ್ಟುಗಳಂತೆ ಚಿತ್ರಿಸಿ 25ರ ವೇಗದಲ್ಲಿ ತೋರಿಸಿದರೆ ಕುಸಿತಕ್ಕೆ ನಿಜವಾದ ಭಾರ ಬರುತ್ತದೆ. ಅಳತೆಯ ವರ್ಗಮೂಲದಷ್ಟು ವೇಗ ಹೆಚ್ಚಿಸಬೇಕೆಂಬುದು ಸೂತ್ರ. ನೀರಿನ ಹನಿ ಮತ್ತು ಬೆಂಕಿಯ ನಾಲಗೆ ಮಾತ್ರ ಈ ಸೂತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅವುಗಳ ಗಾತ್ರವನ್ನು ಕುಗ್ಗಿಸಲಾಗದು. ಆದ್ದರಿಂದ ಅವುಗಳಿರುವ ದೃಶ್ಯಕ್ಕೆ ಸಾಧ್ಯವಿದ್ದಷ್ಟು ದೊಡ್ಡ ಮಾದರಿಯೇ ಯೋಗ್ಯ.

ಉಪಸಂಹಾರ

ಇಂದು ಸಲಕರಣೆಗಳ ಅಭಾವ ಮೊದಲಿನಷ್ಟಿಲ್ಲ. ಬ್ಲೆಂಡರ್ ತಂತ್ರಾಂಶವು 2002ರಲ್ಲಿ ಮುಕ್ತವಾಯಿತು. ಡಾವಿಂಚಿ ರಿಸಾಲ್ವ್ 2011ರಿಂದ ಉಚಿತ ಆವೃತ್ತಿಯಲ್ಲಿಯೂ ದೊರೆಯುತ್ತಿದೆ. 2015ರಲ್ಲಿ ಶಾನ್ ಬೇಕರ್ ಅವರ ‘ಟ್ಯಾಂಜರೀನ್’ ಫೋನಿನಲ್ಲಿಯೇ ಚಿತ್ರಿತವಾಗಿ ಚಿತ್ರಮಂದಿರಗಳನ್ನು ತಲುಪಿತು. ಆದರೆ ನಿರ್ಧಾರವನ್ನು ಮುಂದೂಡುವ ಅನುಕೂಲ ಈಗ ಎಲ್ಲರಿಗೂ ದೊರೆತಿರುವುದರಿಂದಲೇ ಪೂರ್ವಸಿದ್ಧತೆಯ ಶಿಸ್ತು ಮರೆಯಾಗುವ ಸಂಭವವಿದೆ. ಆ ಶಿಸ್ತು ಗ್ರಂಥಗಳಲ್ಲಿ ದಾಖಲಾದುದಕ್ಕಿಂತ ಕೈಯಿಂದ ಕೈಗೆ ಸಾಗಿಬಂದದ್ದೇ ಹೆಚ್ಚು.

ಅದರ ಪುರಾವೆಗಳಾದ ವಿಡಿಯೋ ಸುರುಳಿಗಳು ತೇವ, ಧೂಳು ಮತ್ತು ಬೂಷ್ಟಿನಿಂದ ಕ್ಷಯಿಸುತ್ತಿವೆ. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಅದನ್ನು ನಿಲ್ಲಿಸಿತು. ಸೂಪರ್‌ಮ್ಯಾನ್ ಪಾತ್ರ ವಹಿಸಿದ ಮಗ್ಗದ ಕೆಲಸಗಾರ ಶಫೀಕ್ ಶೇಖ್ 2011ರಲ್ಲಿ ತೀರಿಕೊಂಡರು. ಮಾಲೆಗಾಂವ್‌ನ ಕಥೆ ಸಾಕ್ಷ್ಯಚಿತ್ರದಿಂದಾಗಿ ಉಳಿಯಿತು; ಅಂತಹ ದಾಖಲೆಯ ಭಾಗ್ಯವಿಲ್ಲದ ಊರುಗಳ ಸುರುಳಿಗಳನ್ನು ಗ್ರಂಥಾಲಯಗಳು ಸಂಗ್ರಹಿಸಿ ಗಣಕಕ್ಕೆ ವರ್ಗಾಯಿಸುವುದು ತುರ್ತಿನ ಕಾರ್ಯ. ಪ್ರತಿಯೊಂದು ಚಿತ್ರದೊಡನೆ ಅದನ್ನು ತಯಾರಿಸಿದ ಬಗೆಯನ್ನೂ, ಅಂದರೆ ಯಾವ ಗಾಡಿ, ಯಾವ ಬಟ್ಟೆ, ಯಾವ ಹೊತ್ತಿನ ಬಿಸಿಲು ಎಂಬುದನ್ನೂ, ತಯಾರಿಸಿದವರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಸುರುಳಿಯಿಂದ ದೊರೆಯುವುದು ಚಮತ್ಕಾರದ ಫಲ ಮಾತ್ರ. ಅದನ್ನು ಸಾಧ್ಯಗೊಳಿಸಿದ ವಿವೇಕ ದೊರೆಯುವುದು ಈ ಬರಹದಿಂದ.