ಚಿನ್ನದ ಕಣ ಹಿಡಿದುಕೊಡುವ ಪ್ರೋಟೀನು

ಕ್ಯಾನ್ಸರಿಗೆ ತುತ್ತಾದ ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಕ್ರಿಯೆ ಮಾಡಿ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನು ಇಲ್ಲವೆನ್ನುವಷ್ಟು ಇಳಿಯುತ್ತದೆ. ಅದನ್ನು ಹೆಚ್ಚಾಗಿ ತಯಾರಿಸುತ್ತಿದ್ದದ್ದೇ ಆ ಗ್ರಂಥಿ. ಪಿಎಸ್‌ಎ ಮತ್ತೆ ಏರತೊಡಗಿದರೆ ಎಲ್ಲೋ ಕ್ಯಾನ್ಸರ್ ಕೋಶಗಳು ಉಳಿದಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಆದರೆ ಮಿಲಿಲೀಟರಿಗೆ 0.1 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಮಾಮೂಲಿ ಪರೀಕ್ಷೆಗಳಿಗೆ ಅದು ಸಿಗುತ್ತಿರಲಿಲ್ಲ. ಆ ಮಟ್ಟದ ಕೆಳಗೆ ಏರಿಕೆ ಶುರುವಾಗಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಹುಡುಕಬೇಕಾದದ್ದು ಡಿಎನ್‌ಎ ಆಗಿದ್ದರೆ, ಅದು ಎಷ್ಟೇ ಕಡಿಮೆಯಿದ್ದರೂ ಪಿಸಿಆರ್ ಯಂತ್ರದಲ್ಲಿ ಅದರ ಕೋಟ್ಯಂತರ ನಕಲು ತೆಗೆಯಬಹುದು. ಪ್ರೋಟೀನಿಗೆ ಆ ಉಪಾಯವಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ 2003ರಲ್ಲಿ ಇದಕ್ಕೊಂದು ಸೊಗಸಾದ ದಾರಿ ತೋರಿಸಿತು: ಪ್ರೋಟೀನಿನ ಬದಲು ಅದರ ಗುರುತಾಗಿ ನಿಲ್ಲುವ ಡಿಎನ್‌ಎಯನ್ನು ಹುಡುಕುವುದು. ವಿಧಾನದ ಹೆಸರು ಬಯೊ ಬಾರ್‌ಕೋಡ್.

ಪಿಎಸ್‌ಎಗೆ ಅಂಟುವ ಪ್ರತಿಕಾಯಗಳನ್ನು ಹೊತ್ತ ಕಾಂತೀಯ ಕಣಗಳನ್ನು ಮೊದಲು ಮಾದರಿಗೆ ಬೆರೆಸುತ್ತಾರೆ. ಅವು ಪ್ರೋಟೀನನ್ನು ಹಿಡಿಯುತ್ತವೆ. ಆಮೇಲೆ ಚಿನ್ನದ ನ್ಯಾನೊಕಣಗಳು ಬರುತ್ತವೆ. ಗಾತ್ರ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಹತ್ತಾರು ಪಾಲು. ಇವುಗಳ ಮೈಮೇಲೂ ಪ್ರತಿಕಾಯಗಳಿವೆ, ಜೊತೆಗೆ ನೂರಾರು ಡಿಎನ್‌ಎ ಎಳೆಗಳೂ. ಹೀಗೆ ಪ್ರೋಟೀನು ಎರಡು ಕಣಗಳ ನಡುವೆ ಸಿಕ್ಕಿಬೀಳುತ್ತದೆ. ಅಯಸ್ಕಾಂತವಿಟ್ಟು ಎಳೆದು, ಉಳಿದದ್ದನ್ನು ತೊಳೆದುಬಿಟ್ಟರೆ ಕಾಂತೀಯ ಕಣಗಳ ಜೊತೆ ಪಿಎಸ್‌ಎಗೆ ಅಂಟಿದ ಚಿನ್ನದ ಕಣಗಳಷ್ಟೇ ಉಳಿಯುತ್ತವೆ. ಅವುಗಳಿಂದ ಡಿಎನ್‌ಎ ಎಳೆಗಳನ್ನು ಬಿಡಿಸಿ ಎಣಿಸುತ್ತಾರೆ. ಒಂದು ಪ್ರೋಟೀನಿಗೆ ನೂರಾರು ಸಾಕ್ಷಿ! ಪರೀಕ್ಷೆಯ ಚಿಪ್ ಮೇಲೆ ಈ ಎಳೆಗಳನ್ನು ಗುರುತಿಸಲು ಮತ್ತೆ ಚಿನ್ನದ ಕಣಗಳನ್ನೇ ಅಂಟಿಸಿ, ಅವುಗಳ ಮೇಲೆ ಬೆಳ್ಳಿ ಕೂರಿಸಿ, ಗುರುತು ಎದ್ದು ಕಾಣುವಂತೆ ಮಾಡುತ್ತಾರೆ. (ಗರ್ಭಪರೀಕ್ಷೆಯ ಎಷ್ಟೋ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆಯೂ ಚಿನ್ನದ ನ್ಯಾನೊಕಣಗಳದ್ದೇ.)

2009ರಲ್ಲಿ ಇದೇ ತಂಡ ಪ್ರಾಸ್ಟೇಟ್ ತೆಗೆಸಿಕೊಂಡ 18 ಮಂದಿಯ ರಕ್ತವನ್ನು ಪರೀಕ್ಷಿಸಿತು. ಮಾಮೂಲಿ ಪರೀಕ್ಷೆಗಿಂತ ಸುಮಾರು 300 ಪಟ್ಟು ಸೂಕ್ಷ್ಮವಾಗಿ ಪಿಎಸ್‌ಎ ಅಳೆಯಲು ಸಾಧ್ಯವಾಯಿತು. ಪ್ರಯೋಗ ಚಿಕ್ಕದು, ಆದರೆ ಭರವಸೆ ದೊಡ್ಡದು.

ಇಷ್ಟು ಸೂಕ್ಷ್ಮತೆ ಎಲ್ಲ ಕಡೆಯೂ ಉಪಕಾರಿಯಲ್ಲ. ಗ್ರಂಥಿ ಇಲ್ಲದವರಲ್ಲಿ ಪಿಎಸ್‌ಎ ಏರಿದರೆ ಅದಕ್ಕೆ ಬಹುಮಟ್ಟಿಗೆ ಸ್ಪಷ್ಟ ಅರ್ಥವಿದೆ. ಗ್ರಂಥಿ ಇರುವವರಲ್ಲಿ ವಯಸ್ಸಿನ ಊತಕ್ಕೂ ಸೋಂಕಿಗೂ ಅದು ಏರುತ್ತದೆ. ಅಲ್ಲಿ ಕೊರತೆಯಿರುವುದು ಅಳತೆಯದಲ್ಲ, ಕ್ಯಾನ್ಸರನ್ನಷ್ಟೇ ತೋರಿಸುವ ಗುರುತಿನದು. ಆದ್ದರಿಂದ ಪಿಎಸ್‌ಎ ಹೆಚ್ಚಿದೆಯೆಂಬ ವರದಿ ಕೈಗೆ ಬಂದರೆ ಅದನ್ನೇ ಕ್ಯಾನ್ಸರೆಂದು ತಿಳಿದು ಕಂಗೆಡಬೇಡಿ, ಬದಿಗೂ ಇಡಬೇಡಿ. ಮೂತ್ರರೋಗ ತಜ್ಞರಿಗೆ ತೋರಿಸಿ.