ಕಲಿಯುವ ಅಂಗಳದಲ್ಲಿ, ದುಡಿಯುವ ಠಾವಿನಲ್ಲಿ ಮಕ್ಕಳ ಸುರಕ್ಷೆ

ಮರಿಯಮ್ಮನಹಳ್ಳಿ ಮತ್ತು ಸುತ್ತಲಿನ ಗ್ರಾಮಗಳ ಮಕ್ಕಳು ದಿನಬೆಳಗಾದರೆ ಬಸ್ಸು ಹತ್ತುತ್ತಾರೆ. ಕೆಲವರು ಹೊಸಪೇಟೆಯ ಕಾಲೇಜುಗಳಿಗೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ. ಇನ್ನು ಕೆಲವರು ದಾನಾಪುರ, ತೋರಣಗಲ್ಲುಗಳ ಉಕ್ಕಿನ ಕಾರ್ಖಾನೆಗಳಿಗೆ, ಆಸ್ಪತ್ರೆ, ಅಂಗಡಿ, ಬ್ಯಾಂಕುಗಳಿಗೆ. ಸಂಜೆ ಅವರು ಮರಳುವವರೆಗೆ ಮನೆಯ ಹಿರಿಯರ ಕಣ್ಣು ಬಾಗಿಲಲ್ಲಿಯೇ ಇರುತ್ತದೆ. ಈ ಆತಂಕ ಹೊಸದಲ್ಲ. ಆದರೆ ಹುಬ್ಬಳ್ಳಿಯ ಎರಡು ಘಟನೆಗಳ ತರುವಾಯ ಅದು ಇಮ್ಮಡಿಯಾಗಿದೆ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ, ಹಗಲು ಹೊತ್ತಿನಲ್ಲಿಯೇ, ಎಂಸಿಎ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಚಾಕುವಿನ ಇರಿತಕ್ಕೆ ಬಲಿಯಾದಳು. ಬಂಧಿತನಾದವನು ಅವಳ ಹಿಂದಿನ ಸಹಪಾಠಿ. ತಿಂಗಳು ತುಂಬುವ ಮೊದಲೇ, ಮೇ 15ರ ನಸುಕಿನಲ್ಲಿ, ಅದೇ ನಗರದ ವೀರಾಪುರ ಓಣಿಯಲ್ಲಿ ಇನ್ನೊಬ್ಬ ಯುವತಿ ತನ್ನ ಮನೆಯಲ್ಲಿಯೇ ಹತಳಾದಳು. ಬೆದರಿಕೆಯಿದ್ದ ಸಂಗತಿಯನ್ನು ಮೊದಲೇ ಪೊಲೀಸರಿಗೆ ತಿಳಿಸಿದ್ದೆವೆಂದು ಆಕೆಯ ಮನೆಯವರು ಹೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಅಮಾನತುಗೊಂಡರು. ಆ ದಿನಗಳ ರಾಜಕೀಯ ವಾಗ್ವಾದದ ಗದ್ದಲದಲ್ಲಿ ಒಂದು ಸಂಗತಿ ಹಿಂದೆ ಸರಿಯಿತು. ಈ ಎರಡೂ ಪ್ರಕರಣಗಳಲ್ಲಿ ಆರೋಪಕ್ಕೆ ಗುರಿಯಾದವರು ಅಪರಿಚಿತರಲ್ಲ, ಪರಿಚಿತರು.

ಇಂಥ ಕಾಟ ಬಹುಪಾಲು ಸಣ್ಣದಾಗಿಯೇ ಮೊದಲಾಗುತ್ತದೆ. ಬಸ್ ನಿಲ್ದಾಣದಲ್ಲಿ ಕಾಯುವುದು, ಬೇಡವೆಂದರೂ ಫೋನ್ ಮಾಡುವುದು, ಹೊಸ ನಂಬರಿನಿಂದ ಸಂದೇಶ ಕಳಿಸುವುದು, ಸತ್ತುಹೋಗುತ್ತೇನೆಂದು ಹೆದರಿಸುವುದು. ಮಗಳು ಇದನ್ನು ಮನೆಯಲ್ಲಿ ಏಕೆ ಹೇಳುವುದಿಲ್ಲ? ಹೇಳಿದರೆ ಮರುದಿನವೇ ಕಾಲೇಜು ಬಿಡಿಸುತ್ತಾರೆ, ಫೋನು ಕಸಿದುಕೊಳ್ಳುತ್ತಾರೆ, ವರ ಹುಡುಕಲು ತೊಡಗುತ್ತಾರೆ ಎಂಬ ಭಯ. ಈ ಭಯ ಆಧಾರವಿಲ್ಲದ್ದಲ್ಲವೆಂಬುದನ್ನು ಹಿರಿಯರಾದ ನಾವು ಒಪ್ಪಿಕೊಳ್ಳಬೇಕು. ತಪ್ಪು ಮಾಡಿದವನು ತಿರುಗಾಡಿಕೊಂಡಿರುವಾಗ ಓದು ನಿಲ್ಲುವುದು ಅವಳದು. ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಮೊದಲ ವಿನಂತಿ: ಏನೇ ಹೇಳಿದರೂ ನಿನ್ನ ಓದು ನಿಲ್ಲಿಸುವುದಿಲ್ಲ ಎಂಬ ಮಾತನ್ನು ಇಂದೇ, ಯಾವ ತೊಂದರೆಯೂ ಇಲ್ಲದಿರುವಾಗಲೇ, ಮಗಳಿಗೆ ಕೊಡಿ.

ಬೇಡವೆಂದ ಮೇಲೂ ಬೆನ್ನುಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ, ಮತ್ತೆ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಸಂದೇಶಗಳನ್ನು ಅಳಿಸಬಾರದು, ದಿನಾಂಕ, ಸ್ಥಳ, ಕಂಡವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಠಾಣೆಗೆ ಬಾಯಿಮಾತಿನ ಬದಲು ಬರಹದ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ಹತ್ತಿರದ ಠಾಣೆಯವರು ದೂರು ದಾಖಲಿಸಿಕೊಳ್ಳಬೇಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳಿಸುವ ಹಕ್ಕಿದೆ. ಕೂಡಲೇ ನೆರವು ಬೇಕಾದರೆ 112, ಮಹಿಳಾ ಸಹಾಯವಾಣಿ 181.

ಗಂಡುಮಕ್ಕಳ ಸಂಗತಿಯನ್ನೂ ಮರೆಯುವಂತಿಲ್ಲ. ಹಾಸ್ಟೆಲಿನ ರ‍್ಯಾಗಿಂಗ್ ತಮಾಷೆಯೆಂದು ತಳ್ಳಿಹಾಕುವಂಥದ್ದಲ್ಲ. ಯುಜಿಸಿಯ 1800-180-5522 ಸಹಾಯವಾಣಿಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ದುಡಿಯುವ ಸ್ಥಳದ ಕಾನೂನಿಗೆ ಒಂದು ಹಿನ್ನೆಲೆಯುಂಟು. 1992ರಲ್ಲಿ ರಾಜಸ್ಥಾನದ ಭಂವರಿ ದೇವಿ ಎಂಬ ಗ್ರಾಮ ಕಾರ್ಯಕರ್ತೆ, ಬಾಲ್ಯವಿವಾಹವನ್ನು ತಡೆಯಲು ಹೋಗಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಆ ಘಟನೆಯ ಹಿನ್ನೆಲೆಯಲ್ಲಿಯೇ 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಮಾರ್ಗಸೂಚಿಗಳನ್ನು ಕೊಟ್ಟಿತು. 2013ರಲ್ಲಿ ಅದು ಕಾಯ್ದೆಯಾಯಿತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ದೂರುದಾರರ ಹೆಸರು ಗುಟ್ಟಾಗಿರಬೇಕು. ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ. ಸಮಿತಿಯ ಸದಸ್ಯರ ಹೆಸರಿನ ಫಲಕ ಎಲ್ಲಿದೆಯೆಂದು ಕೆಲಸಕ್ಕೆ ಸೇರಿದ ದಿನವೇ ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮೂರಿನ ಮಟ್ಟಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಮರಿಯಮ್ಮನಹಳ್ಳಿ ರಂಗಕಲಾವಿದೆಯರ ಊರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಈ ಊರಿನ ಹೆಸರನ್ನು ಕೇಳಿತು. ಹಳ್ಳಿಹಳ್ಳಿಯ ನಾಟಕಗಳಿಗೆ ಇಲ್ಲಿಂದ ಪಾತ್ರಧಾರಿಣಿಯರು ಹೋಗುತ್ತಾರೆ, ಬೆಳಗಿನ ಜಾವದವರೆಗೆ ಅಭಿನಯಿಸುತ್ತಾರೆ. ರಂಗಮಂಚವೂ ಒಂದು ದುಡಿಮೆಯ ಠಾವೇ ಎಂಬುದು ಕರೆಸುವವರಿಗೆ ಎಷ್ಟೋ ಸಲ ಹೊಳೆಯುವುದಿಲ್ಲ. ಉದ್ಯೋಗದಾತನು ಒದಗಿಸಿದ ವಾಹನವನ್ನೂ ಕಾಯ್ದೆ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರಿಗೆ, ಮನೆಗೆಲಸದವರಿಗೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯುಂಟು. ವಿಜಯನಗರ ಜಿಲ್ಲೆಯಾದ ಮೇಲೆ ಅದಕ್ಕಾಗಿ ಬಳ್ಳಾರಿಯವರೆಗೆ ಅಲೆಯಬೇಕಿಲ್ಲ, ಹೊಸಪೇಟೆ ಸಾಕು. ನಾಟಕ ಕಲಿಸುವ ಊರಿನವರು ಕಲಾವಿದೆಯರಿಗೆ ಬಾಗಿಲುಳ್ಳ ಬಣ್ಣದ ಕೋಣೆ, ಮನೆಯವರೆಗೆ ಮರಳುವ ವಾಹನ, ಇವೆರಡನ್ನು ಮುಂಗಡ ಕೊಡುವಾಗಲೇ ಗೊತ್ತುಮಾಡಬೇಕೆಂದು ಕೋರುತ್ತೇವೆ.

ಕೊನೆಗೆ ರಾಜಿಯ ವಿಷಯ. ಹಿರಿಯರು, ಮಠಗಳು ಕೂಡಿಸಿ ವ್ಯಾಜ್ಯ ಬಗೆಹರಿಸುವುದು ನಮ್ಮಲ್ಲಿ ಹಳೆಯ ರೂಢಿ. ಹೊಲದ ಬದುವಿನ ಜಗಳಕ್ಕೆ ಅದು ಒಳ್ಳೆಯದೇ. ಹೆಣ್ಣುಮಗಳ ದೂರಿನಲ್ಲಿ ಹಾಗಲ್ಲ. 2013ರ ಕಾಯ್ದೆಯಂತೆ, ದೂರು ಕೊಟ್ಟವಳು ತಾನಾಗಿ ಕೇಳಿದರೆ ಮಾತ್ರ ಸಂಧಾನ, ಅದಕ್ಕೆ ಹಣ ಆಧಾರವಾಗುವಂತಿಲ್ಲ. ಕಟ್ಟೆಯ ಮೇಲೆ ಕುಳಿತು ಎರಡೂ ಮನೆಯ ಮಾನದ ಮಾತಾಡಿ ದೂರನ್ನು ಹಿಂದಕ್ಕೆ ತೆಗೆಸಿದರೆ, ಮುಂದಿನ ಬೆದರಿಕೆ ಬಂದ ದಿನ ತೋರಿಸಲು ಅವಳ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಇಂಥ ದೂರು ಹಿಡಿದು ಯಾರಾದರೂ ಬಂದರೆ ಹಿರಿಯರು ಮಾಡಬೇಕಾದುದು ಇಷ್ಟು: ಅವಳ ಮಾತನ್ನು ಪೂರ್ತಿ ಕೇಳಿ, ಅವಳೊಪ್ಪಿದರೆ ಅಂದೇ ಜೊತೆಗೆ ಹೋಗಿ ಠಾಣೆಯಲ್ಲಿ ಕುಳಿತು, ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಏಳದಿರುವುದು.