ಚಿತ್ರದ ಪದರಗಳು

ಕಳೆದ ವರ್ಷದ ಮಾತು. ನಾನು ಹಿಂದೆ ನಡೆಸುತ್ತಿದ್ದ ಹೋಟೆಲಿನಲ್ಲಿ ಸಪ್ಲಾಯರನಾಗಿದ್ದ ತರುಣನೊಬ್ಬನು ಒಂದು ಸಂಜೆ ನಮ್ಮ ಕಚೇರಿಗೆ ಬಂದು, ಪಂಚೆಯ ತುಂಡಿನಲ್ಲಿ ಸುತ್ತಿದ್ದ ಭಾವಚಿತ್ರವೊಂದನ್ನು ಮೇಜಿನ ಮೇಲಿರಿಸಿದನು. ಅದು ಅವನ ದಿವಂಗತ ತಾಯಿಯದು, ಮನೆಯಲ್ಲಿದ್ದುದು ಅದೊಂದೇ. ಊರಿನ ಮಳೆಗಾಲದ ತೇವ ತಗುಲಿ ಕೆನ್ನೆಯ ಮೇಲೆ ಬಿಳಿಯ ಕಲೆಗಳೆದ್ದಿದ್ದವು. ನಡುವೆ ಮಡಿಕೆಯ ಗೆರೆ.

“ಧಣಿಗಳೇ, ಅಮ್ಮನ ವರ್ಷಾಂತಕ್ಕೆ ದೊಡ್ಡದು ಮಾಡಿಸಿ ಕಳುಹಿಸಬೇಕು. ಒಂದು ಅಂಗಡಿಯಲ್ಲಿ ಮಾಡಿಸಿದೆ. ಹೀಗಾಯಿತು,” ಎಂದು ಮತ್ತೊಂದು ಪ್ರತಿಯನ್ನು ತೋರಿಸಿದನು. ಮುಖವು ಗೊಂಬೆಯಂತೆ ನುಣುಪಾಗಿತ್ತು. ಕಲೆಗಳೊಡನೆ ಮೂಗುಬೊಟ್ಟೂ ಮಾಯವಾಗಿತ್ತು! ಅದನ್ನು ಮರಳಿ ಇಡಿರೆಂದು ಕೇಳಿದರೆ, “ಎಲ್ಲವೂ ಒಂದಾಗಿಹೋಗಿದೆ, ಇನ್ನಾಗದು” ಎಂಬ ಉತ್ತರ ದೊರೆಯಿತಂತೆ.

ಈ “ಒಂದಾಗಿಹೋಗುವುದು” ಎಂಬ ಅನರ್ಥವನ್ನು ತಪ್ಪಿಸಲೆಂದೇ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಪದರಗಳ, ಅಂದರೆ ಲೇಯರುಗಳ, ವ್ಯವಸ್ಥೆಯಿದೆ. ಭಾವಚಿತ್ರದ ಮೇಲೆ ಒಂದು ಗಾಜಿನ ಹಾಳೆಯನ್ನಿಟ್ಟು ಆ ಗಾಜಿನ ಮೇಲೆ ಬಣ್ಣ ಬಳಿದಂತೆ ಎಂದು ವಾಚಕರು ಭಾವಿಸಬಹುದು. ನೋಡುವವನಿಗೆ ಎರಡೂ ಸೇರಿ ಕಾಣುತ್ತವೆ. ಗಾಜನ್ನೆತ್ತಿದರೆ ಮೂಲವು ಹಾಗೆಯೇ ಇರುತ್ತದೆ. ಈ ಉಪಾಯವು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಅರ್ಲ್ ಹರ್ಡ್ ಎಂಬಾತನು ಚಲಿಸುವ ವ್ಯಂಗ್ಯಚಿತ್ರಗಳಿಗಾಗಿ ಪಾರದರ್ಶಕ ಹಾಳೆಗಳನ್ನು ಬಳಸುವ ಕ್ರಮಕ್ಕೆ 1914ರಲ್ಲಿಯೇ ಏಕಸ್ವದ ಅರ್ಜಿ ಸಲ್ಲಿಸಿದ್ದನು. ಟಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೋಶಾಪ್ 1990ರಲ್ಲಿ ಹೊರಬಂದಾಗ ಅದರಲ್ಲಿ ಪದರಗಳಿರಲಿಲ್ಲ. 1994ರ ಮೂರನೆಯ ಆವೃತ್ತಿಯಲ್ಲಿ ಅವು ಬಂದವು. ಇಂದು ಅದಕ್ಕೆ ಬಾಡಿಗೆಯಂತೆ ಚಂದಾ ತೆರಬೇಕು. ನಮ್ಮಂಥವರಿಗೆ ಬಿಟ್ಟಿಯಾಗಿ ದೊರೆಯುವ ಗಿಂಪ್ ಸಾಕು; ಅದರಲ್ಲಿಯೂ ಪದರಗಳಿವೆ.

ನಮ್ಮ ಕಚೇರಿಯ ಪುಟವಿನ್ಯಾಸದ ಹುಡುಗನು ಮೂಲ ಚಿತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿದನು. ಅದನ್ನು ಕೆಳಗಿನ ಪದರವಾಗಿರಿಸಿ, ಮುಂದೆ ಮುಟ್ಟಲೇ ಇಲ್ಲ. ಮೇಲೊಂದು ಬರಿದಾದ ಪದರವನ್ನು ತೆರೆದು ಮಡಿಕೆಯ ಗೆರೆಯನ್ನು ಮುಚ್ಚಿದನು; ಇನ್ನೊಂದರಲ್ಲಿ ಕೆನ್ನೆಯ ಕಲೆಗಳನ್ನು. ಬರಿದಾದ ಪದರದ ಮೇಲೆ ಕುಂಚವು ಕೆಲಸ ಮಾಡಬೇಕಾದರೆ, ಎಲ್ಲ ಪದರಗಳಿಂದಲೂ ಬಣ್ಣ ತೆಗೆದುಕೊಳ್ಳುವಂತೆ ಅದಕ್ಕೆ ಸೂಚಿಸಬೇಕು. ಇಲ್ಲವಾದರೆ ಎಷ್ಟು ತಿಕ್ಕಿದರೂ ಏನೂ ಮೂಡದು. ಹೊಸಬರು ಎಡವುವುದು ಇಲ್ಲಿಯೇ. ತಿದ್ದಿದ್ದು ಅತಿಯಾಗಿ ಗೊಂಬೆಯಂತೆ ಕಂಡರೆ ಆ ಪದರದ ದಟ್ಟತೆಯನ್ನು ನೂರರಿಂದ ಎಪ್ಪತ್ತಕ್ಕೆ ಇಳಿಸಿದರಾಯಿತು. ಚರ್ಮದ ಸಹಜ ಸುಕ್ಕು ಅಡಿಯಿಂದ ಇಣುಕುತ್ತದೆ. ಪದರದ ಹೆಸರಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿದರೆ ಅದು ಮರೆಯಾಗುತ್ತದೆ, ಮತ್ತೆ ಒತ್ತಿದರೆ ಕಾಣಿಸುತ್ತದೆ.

ಗುಮಾಸ್ತ ಮಿತ್ರರಿಗೆ ಒಂದು ಮಾತು. ಇಂಥ ಕೆಲಸವನ್ನು ಜೆಪೆಗ್ ಕಡತವಾಗಿ ಮಾತ್ರ ಉಳಿಸಿದರೆ ಪದರಗಳೆಲ್ಲವೂ ಬೆಸೆದು ಒಂದಾಗುತ್ತವೆ. ಗಿಂಪಿನಲ್ಲಿ ಎಕ್ಸ್‌ಸಿಎಫ್ ಆಗಿ, ಫೋಟೋಶಾಪಿನಲ್ಲಿ ಪಿಎಸ್‌ಡಿ ಆಗಿ ಒಂದು ಪ್ರತಿಯನ್ನು ಇಟ್ಟುಕೊಂಡು, ಮುದ್ರಣಕ್ಕೆ ಬೇರೊಂದನ್ನು ಕೊಡತಕ್ಕದ್ದು. ಹೋಟೆಲಿನ ದರಪಟ್ಟಿಯ ವಿಷಯದಲ್ಲಿ ನಾನೇ ಈ ತಪ್ಪು ಮಾಡಿ, ದೋಸೆಯ ದರ ಏರಿಸಿದಾಗ ಇಡೀ ಪಟ್ಟಿಯನ್ನು ಮೊದಲಿನಿಂದ ಬರೆಸಬೇಕಾಯಿತು. ಆ ಖರ್ಚಿನ ಮಾತು ಬೇಡ.

ಮೂರನೆಯ ದಿನ ತರುಣನು ಬಂದು ಪರದೆಯ ಮುಂದೆ ಕುಳಿತನು. ಮೂಗುಬೊಟ್ಟು ಇದ್ದಲ್ಲಿಯೇ ಇತ್ತು. ಬಹಳ ಹೊತ್ತು ನೋಡಿ, “ಹಣೆಯ ಮೇಲೆ ಒಂದು ಗೆರೆಯಿತ್ತಲ್ಲ?” ಎಂದನು. ಅದನ್ನು ಗೀರೆಂದು ಬಗೆದು ನಾವೂ ಮುಚ್ಚಿದ್ದೆವು. “ಬಾವಿಕಟ್ಟೆಯಲ್ಲಿ ಜಾರಿಬಿದ್ದಾಗ ಆದ ಗಾಯ ಅದು. ಅದಿಲ್ಲದೆ ಅಮ್ಮನನ್ನು ನಾನು ಕಂಡವನೇ ಅಲ್ಲ.”

ನಮ್ಮ ಹುಡುಗನು ಮಾತಾಡದೆ ಕಲೆಗಳ ಪದರವನ್ನು ಆರಿಸಿಕೊಂಡು, ಹಣೆಯ ಆ ಒಂದು ಅಂಗುಲದಷ್ಟನ್ನು ಮಾತ್ರ ಅಳಿಸಿದನು. ಅಡಿಯಿಂದ ಗೆರೆಯು ಮರಳಿ ಕಾಣಿಸಿತು. ಎರಡು ಪ್ರತಿ ಅಚ್ಚಾದವು. ಒಂದು ಊರಿಗೆ ಹೋಯಿತು, ಇನ್ನೊಂದು ಅವನ ಟ್ರಂಕಿನಲ್ಲಿದೆ.